ಲೊಬನೊವ್ಸ್ಕಿಯ ಆಟ ನೋಡಬೇಕಾ? ಚೆಂಡನ್ನು ಬಿಟ್ಟು ನೋಡಿ

ಉಕ್ರೇನಿನ ಫುಟ್‌ಬಾಲ್ ಕ್ಲಬ್ ಡೈನಮೋ ಕೀವ್‌ನ ಹಳೆಯ ಪಂದ್ಯ ಹಾಕಿಕೊಂಡರೆ ನನ್ನ ತೊಡೆಯ ಮೇಲೆ ಒಂದು ನೋಟ್‌ಬುಕ್, ಕೈಯಲ್ಲೊಂದು ಪೆನ್ಸಿಲ್ ಇರುತ್ತದೆ. ಮನೆಯವರು ನಗುತ್ತಾರೆ. ನಗಲಿ ಬಿಡಿ. ಕೋಚ್ ವಾಲೆರಿ ಲೊಬನೊವ್ಸ್ಕಿ ಕಟ್ಟಿದ ಈ ತಂಡವನ್ನು ಲೆಕ್ಕ ಹಾಕದೆ ನೋಡಿದರೆ ಅರ್ಧ ಆಟ ಕಾಣುವುದೇ ಇಲ್ಲ.

ಶುರುಮಾಡಲು 1986ರ ಮೇ 2ರ ಪಂದ್ಯ ಒಳ್ಳೆಯದು. ಫ್ರಾನ್ಸಿನ ಲಿಯಾನ್‌ನಲ್ಲಿ ಕಪ್ ವಿನ್ನರ್ಸ್ ಕಪ್ ಫೈನಲ್, ಅಂದರೆ ಯುರೋಪಿನ ದೇಶಗಳ ಕಪ್ ಗೆದ್ದ ಕ್ಲಬ್‌ಗಳ ಟೂರ್ನಿಯ ಫೈನಲ್. ಎದುರಿಗೆ ಅಟ್ಲೆಟಿಕೊ ಮ್ಯಾಡ್ರಿಡ್. ಕೀವ್‌ಗೆ ಹತ್ತಿರದ ಚೆರ್ನೋಬಿಲ್‌ನಲ್ಲಿ ಸ್ಫೋಟ ಆಗಿ ಆಗ ಇನ್ನೂ ಆರೇ ದಿನ. ಡೈನಮೋ 3-0ಯಿಂದ ಗೆದ್ದಿತು. ಪೂರ್ತಿ ನೋಡಲು ಪುರುಸೊತ್ತಿಲ್ಲ ಅಂದರೆ ಸೀದಾ 85ನೇ ನಿಮಿಷಕ್ಕೆ ಹೋಗಿ.

ಮೊದಲ ಸಲ ಸುಮ್ನೆ ನೋಡಿ. ಎಡಗಡೆಯಿಂದ ರಾಟ್ಸ್, ಅವನಿಂದ ಬೆಲಾನೊವ್, ಅಲ್ಲಿಂದ ಯೆವ್ತುಶೆಂಕೊ, ಕೊನೆಗೆ ಬಲಗಡೆ ಬ್ಲೋಖಿನ್. ಗೋಲ್. ಬೀಸಣಿಗೆ ಬಿಚ್ಚಿದ ಹಾಗೆ. ನಾನು ವರ್ಷಗಟ್ಟಲೆ ಇಷ್ಟನ್ನೇ ನೋಡಿ ಖುಷಿಪಟ್ಟಿದ್ದೆ.

ಎರಡನೇ ಸಲ ಧ್ವನಿ ಬಂದ್ ಮಾಡಿ, ಚೆಂಡಿನ ಮೇಲೆ ಹೆಬ್ಬೆರಳು ಇಡಿ. ನಿಜವಾಗಿಯೂ ಇಡಿ! ಈಗ ಅಟ್ಲೆಟಿಕೊ ಡಿಫೆಂಡರ್‌ಗಳನ್ನು ಮಾತ್ರ ಗಮನಿಸಿ. ಪ್ರತಿ ಪಾಸ್‌ಗೂ ಒಬ್ಬೊಬ್ಬ ತನ್ನ ಜಾಗ ಬಿಟ್ಟು ಬರುತ್ತಾನೆ. ಬೆಲಾನೊವ್ ಮತ್ತು ಯೆವ್ತುಶೆಂಕೊ ತಿರುಗಿಯೂ ನೋಡದೆ ಪಾಸ್ ಕೊಡುತ್ತಾರೆ. ಪಕ್ಕದಲ್ಲಿ ನಮ್ಮವನೊಬ್ಬ ಇದ್ದೇ ಇರುತ್ತಾನೆ ಅಂತ ಅವರಿಗೆ ಗೊತ್ತು. ತರಬೇತಿಯಲ್ಲಿ ಅಷ್ಟು ಸಲ ಮಾಡಿರುತ್ತಾರೆ ಅಲ್ವಾ?

ಮೂರನೇ ಕೆಲಸಕ್ಕೇ ನೋಟ್‌ಬುಕ್ ಬೇಕು. ಚೆಂಡು ಎದುರಾಳಿಗೆ ಹೋದ ತಕ್ಷಣ ವಿಡಿಯೋ ನಿಲ್ಲಿಸಿ. ಚೆಂಡಿನ ಸುತ್ತ ಡೈನಮೋದವರು ಎಷ್ಟು ಜನ ಇದ್ದಾರೆ ಎಣಿಸಿ ಬರೆಯಿರಿ. ಮೂರು ಸೆಕೆಂಡ್ ಬಿಟ್ಟು ಮತ್ತೆ ಎಣಿಸಿ. ಸಂಖ್ಯೆ ಏರಿದರೆ ಅದು ಪ್ರೆಸ್ಸಿಂಗ್, ಅಂದರೆ ಚೆಂಡು ಕಿತ್ತುಕೊಳ್ಳಲು ಒಟ್ಟಾಗಿ ಮುತ್ತುವುದು. ಏರದಿದ್ದರೆ ಅವರು ಬೇಕೆಂದೇ ಹಿಂದೆ ಸರಿದು ಉಸಿರು ತೆಗೆದುಕೊಳ್ಳುತ್ತಿರಬಹುದು. ಅದನ್ನೂ ಗುರುತು ಹಾಕಿ.

ಈ ಎಣಿಕೆ ನನ್ನ ಹುಚ್ಚಲ್ಲ. ಲೊಬನೊವ್ಸ್ಕಿ ಎಂಜಿನಿಯರಿಂಗ್ ಓದಿದವರು. ಅನಟೋಲಿ ಜೆಲೆನ್ತ್ಸೊವ್ ಎಂಬ ವಿಜ್ಞಾನಿಯನ್ನು ಜೊತೆಗಿಟ್ಟುಕೊಂಡು ಒಬ್ಬೊಬ್ಬ ಆಟಗಾರನ ಓಟ, ಪಾಸ್, ತಪ್ಪು ಎಲ್ಲವನ್ನೂ ಎಣಿಸಿಡುತ್ತಿದ್ದರು. ಪಂದ್ಯದ ವೇಳೆ ಅವರು ಮಾತ್ರ ಬೆಂಚಿನ ಮೇಲೆ ಹಿಂದೆ ಮುಂದೆ ತೂಗುತ್ತಾ ಕೂತಿರುತ್ತಿದ್ದರು. ಕ್ಯಾಮೆರಾ ಆ ಕಡೆ ತಿರುಗಿದರೆ ತಪ್ಪಿಸಿಕೊಳ್ಳಬೇಡಿ.

ಕೈ ಕುದುರಿದ ಮೇಲೆ 1997ರ ನವೆಂಬರ್ 5ರ ಬಾರ್ಸಿಲೋನಾ ಪಂದ್ಯ ಹಾಕಿ. ಬಾರ್ಸಿಲೋನಾದ ತವರು ಮೈದಾನ ಕ್ಯಾಂಪ್ ನೌನಲ್ಲೇ ಡೈನಮೋ 4-0ಯಿಂದ ಗೆದ್ದಿತು. ಮೊದಲರ್ಧದಲ್ಲೇ 21ರ ಹುಡುಗ ಶೆವ್ಚೆಂಕೊ ಮೂರು ಗೋಲ್ ಹೊಡೆದ. ಕೋಚ್ ಅದೇ ಮನುಷ್ಯ, ಆಟಗಾರರು ಪೂರ್ತಿ ಹೊಸಬರು. ಎಣಿಕೆ ಹೊಂದುತ್ತದಾ ನೋಡಿ. ನನಗೆ ಹೊಂದಿತು.

ಕೊನೆಗೆ 1988ರ ಯೂರೋ, ಅಂದರೆ ಯುರೋಪಿನ ದೇಶಗಳ ಚಾಂಪಿಯನ್‌ಶಿಪ್‌ನ ಫೈನಲ್. ಲೊಬನೊವ್ಸ್ಕಿಯ ಸೋವಿಯತ್ ತಂಡ ನೆದರ್ಲೆಂಡ್ಸ್ ಎದುರು 2-0ಯಿಂದ ಸೋತಿತು. ಗುಂಪು ಹಂತದಲ್ಲಿ ಇದೇ ತಂಡವನ್ನು 1-0ಯಿಂದ ಸೋಲಿಸಿತ್ತು! ಫೈನಲ್‌ನ 54ನೇ ನಿಮಿಷದಲ್ಲಿ ನೆದರ್ಲೆಂಡ್ಸ್‌ನ ವಾನ್ ಬಾಸ್ಟೆನ್ ಗೋಲಿನ ಪಕ್ಕದಿಂದ, ಜಾಗವೇ ಇಲ್ಲದ ಕಡೆಯಿಂದ, ಗಾಳಿಯಲ್ಲಿ ಬಂದ ಚೆಂಡನ್ನು ನೆಲಕ್ಕೆ ಬೀಳಲು ಬಿಡದೆ ವಾಲಿ ಹೊಡೆಯುತ್ತಾನೆ. ಅಲ್ಲಿ ಎಣಿಸಲು ಹೋಗಬೇಡಿ. ಪೆನ್ಸಿಲ್ ಕೆಳಗಿಟ್ಟುಬಿಡಿ.