ಊಟ ಮೂಸಿ ಬಿಡುವ ನಾಯಿಗೆ ಮೇಲೋಗರ

ಬಟ್ಟಲು ಇಟ್ಟ ಸದ್ದಿಗೆ ಓಡಿ ಬರುತ್ತದೆ, ಒಮ್ಮೆ ಮೂಸುತ್ತದೆ, ನಿಮ್ಮ ಮುಖ ನೋಡುತ್ತದೆ, ಹೋಗಿ ಮೂಲೆಯಲ್ಲಿ ಮಲಗುತ್ತದೆ. ಇಂಥ ನಾಯಿಯ ಡ್ರೈ ಫುಡ್ ಮೇಲೆ, ಅಂದರೆ ಅಂಗಡಿಯ ಒಣ ಕಾಳಿನ ಮೇಲೆ, ರುಚಿಯಾದದ್ದೇನನ್ನೋ ಒಂದೆರಡು ಚಮಚ ಹಾಕಿ ತಿನ್ನಿಸುವುದುಂಟು. ಅಂಗಡಿಯವರು ಇದನ್ನು ಟಾಪರ್ ಎನ್ನುತ್ತಾರೆ. ನಮ್ಮಲ್ಲಿ ಮೇಲೋಗರ ಎಂಬ ಒಳ್ಳೆಯ ಮಾತು ಮೊದಲೇ ಇದೆ. ಅನ್ನಕ್ಕೆ ಮೇಲೋಗರ ಬೇಕು, ಆದರೆ ಬರೀ ಮೇಲೋಗರದಲ್ಲೇ ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ನಾಯಿಯ ಬಟ್ಟಲಲ್ಲೂ ಹಾಗೆಯೇ. ನಾಯಿ ಊಟವನ್ನು ಮೊದಲು ಒಪ್ಪಿಕೊಳ್ಳುವುದು ಮೂಗಿನಿಂದ. ಆದ್ದರಿಂದ ನೀವು ಸೇರಿಸಬೇಕಾದದ್ದು ವಾಸನೆ, ಇನ್ನೊಂದು ಊಟವನ್ನಲ್ಲ. ಇದೊಂದು ತಪ್ಪಿದರೆ ತಿಂಗಳೊಳಗೆ ನಾಯಿ ಕೋಳಿಯನ್ನಷ್ಟೇ ಆರಿಸಿ ತಿಂದು ಕಾಳು ಬಿಡುವುದನ್ನು ಕಲಿತಿರುತ್ತದೆ.

ಹಟವೋ, ಕಾಯಿಲೆಯೋ

ತಿಂಗಳುಗಟ್ಟಲೆಯಿಂದ ಚೂರುಪಾರು ತಿನ್ನುತ್ತಾ, ಆಟ ಆಡುತ್ತಾ, ಬಿಸ್ಕತ್ತು ಕೊಟ್ಟರೆ ಹಾರಿ ಹಿಡಿಯುತ್ತಾ ಇರುವ ನಾಯಿಯದು ಬಹುಮಟ್ಟಿಗೆ ಹಟ. ನಿನ್ನೆಯವರೆಗೆ ಬಟ್ಟಲು ನೆಕ್ಕಿ ಇಡುತ್ತಿದ್ದದ್ದು ಇವತ್ತು ಮುಟ್ಟದಿದ್ದರೆ ಅದು ಹಟವಲ್ಲ. ನಮ್ಮ ಕಡೆ ಮೊದಲು ಅನುಮಾನಿಸಬೇಕಾದದ್ದು ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್. ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣೆ ಇದೆಯೇ ಹುಡುಕಿ. ತುಟಿ ಎತ್ತಿ ಒಸಡು ನೋಡಿ: ನಸುಗೆಂಪಾಗಿರಬೇಕು, ಬಿಳಿಚಿಕೊಂಡಿರಬಾರದು. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಕೈಯಿಂದ ಮುಟ್ಟಿ ನೋಡಿದರೆ ಇದು ತಿಳಿಯುವುದಿಲ್ಲ, ಗುದದಲ್ಲಿ ಥರ್ಮಾಮೀಟರ್ ಇಟ್ಟೇ ನೋಡಬೇಕು. ಬಾಯಿ ನಾರುವುದು, ಒಂದೇ ಬದಿಯಲ್ಲಿ ಅಗಿಯುವುದು, ಕಾಳು ಬಾಯಿಗೆ ಹಾಕಿಕೊಂಡು ಬೀಳಿಸುವುದು ಹಲ್ಲುನೋವಿನ ಗುರುತು. ಗರ್ಭಕೋಶ ತೆಗೆಸದ ಹೆಣ್ಣುನಾಯಿ ಬೆದೆ ಮುಗಿದ ಕೆಲವು ವಾರಗಳಲ್ಲಿ ಊಟ ಬಿಟ್ಟು ಬಹಳ ನೀರು ಕುಡಿಯತೊಡಗಿದರೆ ಅದೇ ದಿನ ವೈದ್ಯರಿಗೆ ತೋರಿಸಿ, ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ದೊಡ್ಡ ನಾಯಿ 24 ಗಂಟೆ ಪೂರ್ತಿ ಏನೂ ಮುಟ್ಟದಿದ್ದರೆ ವೈದ್ಯರ ಬಳಿ ಹೋಗಬೇಕು. ಮರಿಯಾದರೆ ಅಷ್ಟು ಕಾಯಬೇಡಿ, ವಾಂತಿ ಭೇದಿ ಜೊತೆಗಿದ್ದರಂತೂ ಒಂದು ಗಂಟೆಯೂ ಬೇಡ.

ನಾಯಿಯದು ತಪ್ಪೇ ಇಲ್ಲದ ಇನ್ನೊಂದು ಸಂಗತಿ ಉಂಟು: ಕಾಳೇ ಕೆಟ್ಟಿರುವುದು. ಡ್ರೈ ಫುಡ್ಡಿನ ಹೊರಮೈಗೆ ಕೊಬ್ಬು ಸಿಂಪಡಿಸಿರುತ್ತಾರೆ. ಚೀಲ ಒಡೆದ ಮೇಲೆ ಅದು ಗಾಳಿಗೆ ಕಮಟಾಗುತ್ತದೆ. ಒಂದು ಹಿಡಿ ತೆಗೆದು ಮೂಸಿ. ಹಳೆ ಎಣ್ಣೆಯ ಘಾಟು ಬಂದರೆ ಅದರ ಮೇಲೆ ಏನು ಸುರಿದರೂ ಪ್ರಯೋಜನವಿಲ್ಲ. ಒಡೆದ ಚೀಲವನ್ನು ಆರು ವಾರದೊಳಗೆ ಮುಗಿಸುವಷ್ಟು ಅಳತೆಯದನ್ನೇ ಕೊಳ್ಳಿ, ಚೀಲದ ಸಮೇತ ಡಬ್ಬಿಯಲ್ಲಿಡಿ. ಬರೀ ಡಬ್ಬಿಗೆ ಸುರಿದರೆ ಹಳೆಯ ಜಿಡ್ಡು ಗೋಡೆಗೆ ಅಂಟಿಕೊಂಡು ಹೊಸ ಕಾಳನ್ನೂ ಕೆಡಿಸುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೆರೆದ ಮೂಟೆಯಿಂದ ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ಕಾಳು ಬೇಡವೇ ಬೇಡ, ಬೂಸ್ಟು ಹಿಡಿದಿರುತ್ತದೆ.

ಎಷ್ಟು ಹಾಕಬಹುದು

ದಿನದ ಒಟ್ಟು ಕ್ಯಾಲೊರಿಯಲ್ಲಿ ಮೇಲೋಗರ, ಬಿಸ್ಕತ್ತು, ತಿಂಡಿ ಎಲ್ಲ ಸೇರಿ ನೂರಕ್ಕೆ ಹತ್ತರಷ್ಟು ದಾಟಬಾರದು. ಉಳಿದ ತೊಂಬತ್ತು ಭಾಗ ಸಮತೋಲನದ ಆಹಾರದಿಂದಲೇ ಬರಬೇಕು. ಇಲ್ಲದಿದ್ದರೆ ಕ್ಯಾಲ್ಸಿಯಂ, ರಂಜಕದ ಲೆಕ್ಕ ತಪ್ಪುತ್ತದೆ. ಸಂತಾನಹರಣ ಆಗಿರುವ, ಸಾಮಾನ್ಯ ಓಡಾಟದ ವಯಸ್ಕ ನಾಯಿಗೆ ದಿನಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಇಷ್ಟು: 5 ಕಿಲೋ ತೂಗುವುದಕ್ಕೆ 375 ಕ್ಯಾಲೊರಿ, 10 ಕಿಲೋದ್ದಕ್ಕೆ 630, 18 ಕಿಲೋ ನಾಟಿ ನಾಯಿಗೆ 980, 30 ಕಿಲೋ ಲ್ಯಾಬ್ರಡಾರ್‌ಗೆ 1,430. ಅಂದರೆ 10 ಕಿಲೋ ನಾಯಿಗೆ ಮೇಲೋಗರದ ಪಾಲು 63 ಕ್ಯಾಲೊರಿ, ಒಂದು ಬೇಯಿಸಿದ ಮೊಟ್ಟೆಗಿಂತ ತುಸು ಕಡಿಮೆ.

ಈ ಲೆಕ್ಕ ಹಾಕುವಾಗಲೇ ಎಷ್ಟೋ ಮನೆಗಳಲ್ಲಿ ಗುಟ್ಟು ಬಯಲಾಗುತ್ತದೆ. ಒಂದು ಗ್ಲೂಕೋಸ್ ಬಿಸ್ಕತ್ತಿಗೆ ಸುಮಾರು 25 ಕ್ಯಾಲೊರಿ. ಬೆಳಗಿನ ಕಾಫಿಯ ಜೊತೆ ನಾಲ್ಕು ಬಿಸ್ಕತ್ತು ತಿಂದ 5 ಕಿಲೋ ಶಿಟ್ಜು ದಿನದ ಊಟದ ಕಾಲು ಭಾಗವನ್ನು ಆಗಲೇ ಮುಗಿಸಿದೆ. ಮಧ್ಯಾಹ್ನ ಅಜ್ಜಿ ಕೊಟ್ಟ ಅರ್ಧ ಚಪಾತಿ ಬೇರೆ. ಅದು ಬಟ್ಟಲು ಮುಟ್ಟದಿರುವುದು ಹಸಿವಿಲ್ಲದ್ದಕ್ಕೆ. ಮೇಲೋಗರಕ್ಕೆ ಕೈ ಹಾಕುವ ಮುಂಚೆ ಒಂದು ವಾರ ಮನೆಯವರೆಲ್ಲ ಕೊಟ್ಟದ್ದನ್ನು ಒಂದು ಚೀಟಿಯಲ್ಲಿ ಬರೆದಿಡಿ.

ಹಾಕಿದಷ್ಟು ಕ್ಯಾಲೊರಿಯ ಕಾಳನ್ನು ಬಟ್ಟಲಿನಿಂದ ತೆಗೆಯಿರಿ. 100 ಗ್ರಾಂಗೆ 370 ಕ್ಯಾಲೊರಿ ಇರುವ ಡ್ರೈ ಫುಡ್ ಆದರೆ 60 ಕ್ಯಾಲೊರಿಯ ಮೇಲೋಗರಕ್ಕೆ 16 ಗ್ರಾಂ ಕಾಳು ಕಡಿಮೆ. ಅಡುಗೆಮನೆಯ ತಕ್ಕಡಿಯಲ್ಲೇ ತೂಗಿ. ಲೋಟದ ಅಳತೆ ದಿನಕ್ಕೊಂದು ಥರ ಬೀಳುತ್ತದೆ.

ಕೋಳಿ ಸೂಪು

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು, ಎಲ್ಲಕ್ಕಿಂತ ಕಡಿಮೆ ಕ್ಯಾಲೊರಿಯದು ಇದೇ. ಚರ್ಮ ತೆಗೆದ, ಮೂಳೆ ಇರುವ ಕೋಳಿ ಅರ್ಧ ಕಿಲೋ, ಒಂದೂವರೆ ಲೀಟರ್ ನೀರು. ಉಪ್ಪು ಬೇಡ, ಈರುಳ್ಳಿ ಬೆಳ್ಳುಳ್ಳಿ ಬೇಡ, ಮಸಾಲೆ ಬೇಡ. ಮನೆಯವರ ಸಾರಿಗೆ ಬೇಯಿಸುವಾಗ ನಾಯಿಯ ಪಾಲನ್ನು ಒಗ್ಗರಣೆಗೆ ಮೊದಲೇ ತೆಗೆದಿಟ್ಟರೂ ನಡೆಯುತ್ತದೆ, ಅಷ್ಟರಲ್ಲಿ ಅದಕ್ಕೆ ಉಪ್ಪು ಬಿದ್ದಿರಬಾರದು ಅಷ್ಟೆ. ಕುಕ್ಕರಿನಲ್ಲಿ ಎರಡು ಕೂಗು ಬಂದ ಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ ಇಡಿ. ಸೋಸಿ. ಮಾಂಸವನ್ನು ಬೆರಳಲ್ಲಿ ಬಿಡಿಸುತ್ತಾ ಮೂಳೆಯ ಒಂದು ಚೂರೂ ಉಳಿಯದಂತೆ ತೆಗೆಯಿರಿ, ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಸೋಸಿದ ನೀರನ್ನು ಆರಿಸಿ, ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಮೇಲೆ ಬಿಳಿ ಪದರವಾಗಿ ಕಟ್ಟಿರುವುದು ಕೊಬ್ಬು. ಅದನ್ನು ಚಮಚದಿಂದ ಎತ್ತಿ ಬಿಸಾಡಿ. ಈ ಹೆಜ್ಜೆ ಬಿಡಬೇಡಿ: ಜಿಡ್ಡು ಹೆಚ್ಚಾದ ಊಟ ಕೆಲವು ನಾಯಿಗಳಲ್ಲಿ ಮೇದೋಜೀರಕ ಗ್ರಂಥಿಯ ಉರಿಯೂತ ತರುತ್ತದೆ, ಅದು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸುವಷ್ಟು ದೊಡ್ಡ ಕಾಯಿಲೆ.

ತಳದಲ್ಲಿ ಉಳಿದದ್ದು ಜೆಲ್ಲಿಯಂತೆ ಅಲುಗಿದರೆ ಚೆನ್ನಾಗಿ ಬಂದಿದೆ ಎಂದರ್ಥ. ತೆಳ್ಳಗೇ ಇದ್ದರೆ ಮುಂದಿನ ಸಲ ನಾಲ್ಕೈದು ಕೋಳಿಕಾಲು ಸೇರಿಸಿ. ಐಸ್ ಟ್ರೇಗೆ ಸುರಿದು ಫ್ರೀಜರಿನಲ್ಲಿಡಿ, ಒಂದು ಅಚ್ಚಿಗೆ ಸುಮಾರು ಒಂದು ಟೇಬಲ್ ಚಮಚ ಹಿಡಿಯುತ್ತದೆ. ಫ್ರಿಜ್ಜಿನಲ್ಲಾದರೆ ಮೂರು ದಿನ, ಫ್ರೀಜರಿನಲ್ಲಾದರೆ ಎರಡು ತಿಂಗಳು.

ಬೇರೆ ಏನೇನು

ಮಾಂಸ ಹಾಕುವುದಾದರೆ ತುಂಡಾಗಿ ಬೇಡ, ಸೂಪಿನ ಜೊತೆ ಮಿಕ್ಸಿಯಲ್ಲಿ ನುಣ್ಣಗೆ ತಿರುವಿ. ಆಗ ಆರಿಸಿ ತಿನ್ನಲು ಆಗುವುದಿಲ್ಲ. ಎದೆ ಮಾಂಸ 30 ಗ್ರಾಂಗೆ ಸುಮಾರು 50 ಕ್ಯಾಲೊರಿ.

ಕೋಳಿ ಲಿವರ್ ವಾಸನೆಗೆ ಬಲು ಗಟ್ಟಿ. 200 ಗ್ರಾಂ ಲಿವರನ್ನು ಹತ್ತು ನಿಮಿಷ ಬೇಯಿಸಿ, ತೆಳ್ಳಗೆ ಕೊಯ್ದು, ಓವನ್ನಿನಲ್ಲಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗರಿಗರಿಯಾಗಿ ಮುರಿಯುವವರೆಗೆ ಒಣಗಿಸಿ; ಎರಡು ಗಂಟೆ ಬೇಕು. ಪುಡಿ ಮಾಡಿ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. 10 ಕಿಲೋ ನಾಯಿಗೆ ಅರ್ಧ ಟೀ ಚಮಚ, ವಾರಕ್ಕೆ ಮೂರು ದಿನ ಸಾಕು. ಲಿವರಿನಲ್ಲಿ ಎ ವಿಟಮಿನ್ ಅತಿ ಹೆಚ್ಚು, ದಿನಾ ಧಾರಾಳವಾಗಿ ಹಾಕಿದರೆ ಮೈಯಲ್ಲಿ ಸೇರಿ ಮೂಳೆಗಳಿಗೆ ತೊಂದರೆ ಮಾಡುತ್ತದೆ.

ಕರಾವಳಿಯಲ್ಲಿ ಬೂತಾಯಿ ಅಗ್ಗವಾದಾಗ ಒಂದು ಮೀನನ್ನು ಬೇಯಿಸಿ, ನಡು ಮುಳ್ಳೂ ಪಕ್ಕದ ಮುಳ್ಳೂ ತೆಗೆದು ಹಿಸುಕಿದರೆ ಎರಡು ಹೊತ್ತಿಗಾಗುತ್ತದೆ. ಒಣಮೀನು ಬೇಡ, ಬರೀ ಉಪ್ಪು.

ಸಸ್ಯಾಹಾರಿ ಮನೆಯಲ್ಲಿ ಹುಳಿ ಬರದ ಗಟ್ಟಿ ಮೊಸರು ಒಂದು ಟೇಬಲ್ ಚಮಚ, ಅಥವಾ ಸಿಪ್ಪೆ ಬೀಜ ತೆಗೆದು ಬೇಯಿಸಿ ಹಿಸುಕಿದ ಸಿಹಿಗುಂಬಳ ಅಷ್ಟೇ. ಕುಂಬಳ ಹೆಚ್ಚಾದರೆ ಭೇದಿ, ಆದ್ದರಿಂದ ಮೊದಲ ದಿನ ಒಂದು ಟೀ ಚಮಚದಿಂದ ಶುರು ಮಾಡಿ. ಪನೀರ್ ಪುಡಿ ಮಾಡಿ 10 ಗ್ರಾಂ ಹಾಕಬಹುದು. ತುಪ್ಪದ ವಾಸನೆಗೆ ಮನಸೋಲದ ನಾಯಿ ಅಪರೂಪ, ಆದರೆ ಅರ್ಧ ಟೀ ಚಮಚಕ್ಕೇ 20 ಕ್ಯಾಲೊರಿ; ದಪ್ಪಗಿರುವ ನಾಯಿಗೆ, ಒಮ್ಮೆ ಮೇದೋಜೀರಕದ ತೊಂದರೆ ಆದದ್ದಕ್ಕೆ ತೋರಿಸಲೂ ಬೇಡಿ. ಹಾಲು ವಯಸ್ಕ ನಾಯಿಗಳಲ್ಲಿ ಅನೇಕಕ್ಕೆ ಅರಗುವುದಿಲ್ಲ.

ಅಂಗಡಿಯ ಗ್ರೇವಿ ಪೌಚುಗಳಲ್ಲಿ ಪೂರ್ಣ ಆಹಾರ ಎಂದು ಬರೆದದ್ದನ್ನು ಆರಿಸಿ, ಕ್ಯಾಲೊರಿ ಓದಿ ಲೆಕ್ಕಕ್ಕೆ ಸೇರಿಸಿ.

ಮನೆಯ ಸಾರು, ಹುಳಿ, ಗೊಜ್ಜು ಮಾತ್ರ ಬಟ್ಟಲಿಗೆ ಬೀಳಬಾರದು. ಈರುಳ್ಳಿ ಬೆಳ್ಳುಳ್ಳಿ, ಬೆಂದಿದ್ದರೂ ಪುಡಿಯಾಗಿದ್ದರೂ, ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹುಣಸೆಹಣ್ಣಿನಲ್ಲಿ ಟಾರ್ಟರಿಕ್ ಆಮ್ಲ ಬಹಳ; ದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡಲು ಇದೇ ಕಾರಣವಿರಬಹುದೆಂದು ಪಶುವೈದ್ಯರು ಈಗ ಹೇಳುತ್ತಾರೆ. ದ್ರಾಕ್ಷಿ, ಒಣದ್ರಾಕ್ಷಿ ಹಾಕಿದ ಪಾಯಸದ ತಳವನ್ನೂ ನೆಕ್ಕಿಸಬೇಡಿ. ಕಡಲೆಕಾಯಿ ಬೆಣ್ಣೆ ಕೊಡುವುದಾದರೆ ಡಬ್ಬಿಯ ಮೇಲೆ ಜೈಲಿಟಾಲ್ ಎಂಬ, ಸಕ್ಕರೆಯ ಬದಲು ಹಾಕುವ ಸಿಹಿಯ ಹೆಸರು ಇದೆಯೇ ನೋಡಿ, ಅದು ನಾಯಿಗೆ ವಿಷ.

ಬಟ್ಟಲಿಗೆ ಹಾಕುವ ಬಗೆ

ಮೇಲೆ ಸುರಿದು ಇಟ್ಟರೆ ನಾಯಿ ಮೇಲಿನದನ್ನು ನೆಕ್ಕಿ ಕಾಳು ಬಿಡುತ್ತದೆ. 130 ಗ್ರಾಂ ಕಾಳಿಗೆ ಮೂರು ಟೇಬಲ್ ಚಮಚ ಸೂಪು ಸಾಕು. ಬೆರಳಿಗೆ ಬೆಚ್ಚಗೆ ತಾಗುವಷ್ಟು ಬಿಸಿ ಮಾಡಿ. ಬಿಸಿಗೇ ವಾಸನೆ ಏಳುವುದು, ಫ್ರಿಜ್ಜಿನಿಂದ ತೆಗೆದದ್ದಕ್ಕೆ ವಾಸನೆಯೇ ಇರುವುದಿಲ್ಲ. ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಕಲಕಿ ನೋಡಿ, ಒಂದೊಂದು ಕಡೆ ನಾಲಿಗೆ ಸುಡುವಷ್ಟು ಕಾದಿರುತ್ತದೆ. ಸುರಿದು, ಪ್ರತಿ ಕಾಳಿಗೂ ಅಂಟುವಂತೆ ಕೈಯಲ್ಲಿ ಕಲಸಿ, ಎರಡು ಮೂರು ನಿಮಿಷ ಬಿಟ್ಟು ಇಡಿ. ಹೊರಗೆ ಒದ್ದೆ, ಒಳಗೆ ಗರಿ ಇರಬೇಕು. ಮುದ್ದೆಯಾದರೆ ಕೆಲವು ನಾಯಿಗಳು ಹಿಂದೆ ಸರಿಯುತ್ತವೆ.

ಬಟ್ಟಲು ಇಟ್ಟು ನೀವು ಅಲ್ಲಿಂದ ಹೋಗಿ. ಪಕ್ಕದಲ್ಲಿ ಕೂತು ‘ತಿನ್ನು ಪುಟ್ಟ, ಒಂದೇ ತುತ್ತು’ ಎನ್ನುವುದೇ ಅದಕ್ಕೊಂದು ಆಟ. 20 ನಿಮಿಷಕ್ಕೆ ಬಟ್ಟಲು ಎತ್ತಿ, ಉಳಿದ ಒದ್ದೆ ಊಟ ಬಿಸಾಡಿ. ಮುಂದಿನ ಹೊತ್ತಿನವರೆಗೆ ನೀರು ಬಿಟ್ಟು ಬೇರೇನೂ ಇಲ್ಲ. ಈ ಕಟ್ಟುನಿಟ್ಟು ಆರೋಗ್ಯವಂತ ವಯಸ್ಕ ನಾಯಿಗೆ ಮಾತ್ರ. ಮರಿಗೆ, ಇನ್ಸುಲಿನ್ ತೆಗೆದುಕೊಳ್ಳುವ ನಾಯಿಗೆ ಹೊತ್ತು ತಪ್ಪಿಸಬಾರದು.

ತಿನ್ನಲಿಲ್ಲವೆಂದು ಆ ಹೊತ್ತಿಗೇ ಸೂಪು ಬಿಟ್ಟು ಲಿವರ್, ಲಿವರ್ ಬಿಟ್ಟು ಮೊಟ್ಟೆ ಎಂದು ಬದಲಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬೇಡವೆಂದರೆ ಇನ್ನೂ ಒಳ್ಳೆಯದು ಬರುತ್ತದೆಂದು ನಾಯಿ ಎರಡೇ ದಿನದಲ್ಲಿ ಲೆಕ್ಕ ಹಾಕಿಬಿಡುತ್ತದೆ. ಒಂದನ್ನು ಹಿಡಿದರೆ ನಾಲ್ಕು ದಿನ ಅದೇ.

ಬಟ್ಟಲು ಖಾಲಿಯಾಗತೊಡಗಿ ನಾಲ್ಕೈದು ದಿನ ಕಳೆದ ಮೇಲೆ ಇಳಿಸಲು ಶುರು ಮಾಡಿ. ಮೂರು ಚಮಚ ಸೂಪಿನಲ್ಲಿ ಒಂದನ್ನು ಬಿಸಿನೀರಿಗೆ ಬದಲಿಸಿ, ನಾಲ್ಕು ದಿನ. ಆಮೇಲೆ ಎರಡನ್ನು, ಇನ್ನು ನಾಲ್ಕು ದಿನ. ಕೊನೆಗೆ ಬರೀ ಬೆಚ್ಚನೆ ನೀರು. ನಡುವೆ ಮತ್ತೆ ಮೂಸಿ ಬಿಟ್ಟರೆ ಹಿಂದಿನ ಅಳತೆಗೆ ಒಂದು ಮೆಟ್ಟಿಲು ಹೋಗಿ, ಅದಕ್ಕಿಂತ ಹಿಂದಕ್ಕಲ್ಲ. ಏಪ್ರಿಲ್, ಮೇ ಬಿಸಿಲಿನಲ್ಲಿ ಹಸಿವೇ ತಗ್ಗುತ್ತದೆ, ಬೀದಿಯಲ್ಲಿ ಹೆಣ್ಣುನಾಯಿ ಬೆದೆಗೆ ಬಂದಾಗ ಗಂಡುನಾಯಿ ದಿನಗಟ್ಟಲೆ ಊಟ ಮರೆಯುತ್ತದೆ. ಆ ದಿನಗಳಲ್ಲಿ ಇಳಿಸುವ ಕೆಲಸ ಹಚ್ಚಿಕೊಳ್ಳಬೇಡಿ.

ಹತ್ತು ಹನ್ನೆರಡು ವರ್ಷ ದಾಟಿದ ನಾಯಿಗೆ ಇಳಿಸುವುದೇ ಬೇಡ. ಮೂಗು ಮಂದವಾಗಿರುತ್ತದೆ, ಹಲ್ಲು ಸವೆದಿರುತ್ತದೆ. ಕಾಳನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ನೆನೆಸಿ, ಒಂದು ಅಚ್ಚು ಸೂಪು ಕರಗಿಸಿ, ಇರುವವರೆಗೂ ಹಾಗೇ ಕೊಡಿ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಮಾಂಸ, ಲಿವರ್ ಹಾಕುವ ಮುಂಚೆ ವೈದ್ಯರನ್ನು ಕೇಳಿ.