ಪಾಂಪೆಯ ನಾಯಿ: ಹರಳಿಗಿಂತ ಗಾರೆಯ ಕೆಲಸವೇ ಹೆಚ್ಚು

ಇಟಲಿಯ ಪ್ರಾಚೀನ ರೋಮನ್ ಪಟ್ಟಣ ಪಾಂಪೆಯ ‘ದುರಂತ ಕವಿಯ ಮನೆ’ 1824ರಲ್ಲಿ ಉತ್ಖನನವಾಯಿತು. ಅದರ ಹೊಸ್ತಿಲು ದಾಟಿದರೆ ನೆಲದಲ್ಲೇ ಸಣ್ಣ ಹರಳುಗಳನ್ನು ಜೋಡಿಸಿದ ಮೊಸಾಯಿಕ್ ಚಿತ್ರ: ಸರಪಳಿ ಬಿಗಿದ ಕಪ್ಪು ನಾಯಿ; ಕೆಳಗೆ ಲ್ಯಾಟಿನ್‌ನಲ್ಲಿ ‘ಕಾವೆ ಕಾನೆಮ್’, ನಾಯಿ ಇದೆ ಎಚ್ಚರಿಕೆ. ಅದರ ತಲೆಯಷ್ಟನ್ನು 60 ಸೆಂ.ಮೀ. ಚೌಕದಲ್ಲಿ, ಸಿಮೆಂಟ್ ಮುಟ್ಟದೆ ಕೂರಿಸಿದ ಕ್ರಮವಿದು.

ಒಂದು ಸೆಂ.ಮೀ. ಹರಳು, ಒಂದು ಮಿ.ಮೀ. ಸಂದು ಎಂದರೆ ಸುಮಾರು 3000 ಹರಳು ಬೇಕು. ಬಿಳಿಗೆ ಅಮೃತಶಿಲೆ, ಕಪ್ಪಿಗೆ ಕಡಪ ಕಲ್ಲು. ದಿಮ್ಮಿಯಲ್ಲಿ ಬಾಯಿ ಮೇಲಾಗಿ ನೆಟ್ಟ ಉಳಿಯ ಮೇಲೆ ಕಲ್ಲಿನ ಪಟ್ಟಿಯಿಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಸುತ್ತಿಗೆಯ ಅಂಚು ಉಳಿಯ ನೇರಕ್ಕೇ ಬೀಳದಿದ್ದರೆ ಹರಳು ಓರೆಯಾಗಿ ಒಡೆಯುತ್ತದೆ. ಕಡಪ ಪದರ ಪದರವಾಗಿ ಎದ್ದು ಸತಾಯಿಸುತ್ತದೆ, ಸಾವಿರ ಹೆಚ್ಚೇ ಒಡೆದಿಟ್ಟುಕೊಳ್ಳಿ.

ನಿಜವಾದ ಕೆಲಸ ಅಡಿಪದರದ್ದು. ಪ್ರಾಚೀನ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಹೇಳುವ ಅನುಪಾತವನ್ನೇ ಇಟ್ಟುಕೊಂಡೆ, ದಪ್ಪ ಮಾತ್ರ ಇಳಿಸಿದೆ: ತಳಕ್ಕೆ 3 ಸೆಂ.ಮೀ. ಕಲ್ಲು, ಮೇಲೆ ಮೂರು ಪಾಲು ಜಲ್ಲಿಗೆ ಒಂದು ಪಾಲು ಸುಣ್ಣ ಸೇರಿಸಿ ದಮ್ಮಸು ಮಾಡಿದ 3 ಸೆಂ.ಮೀ., ಅದರ ಮೇಲೆ ಮೂರು ಪಾಲು ಇಟ್ಟಿಗೆ ಪುಡಿ, ಒಂದು ಪಾಲು ಸುಣ್ಣದ 2 ಸೆಂ.ಮೀ. ಗಾರೆ. ನಮ್ಮ ಹಳೇ ಮನೆಗಳ ಸುರ್ಕಿ ಗಾರೆಯೂ ಇದೇ ಜಾತಿ. ಸುಣ್ಣ ಮೂರು ತಿಂಗಳಾದರೂ ನೀರಲ್ಲಿ ಕಳಿತಿರಲಿ. ಅರಳದ ಕಣ ಉಳಿದರೆ ಆಮೇಲೆ ಉಬ್ಬಿ ಹರಳನ್ನೇ ಎತ್ತಿಬಿಡುತ್ತದೆ. ತೂಕ 70 ಕೆ.ಜಿ. ಹತ್ತಿರ ಬರುತ್ತದೆ, ಇಡುವ ಜಾಗದಲ್ಲೇ ಮಾಡಿ.

ಗಾರೆ ಹಸಿಯಿರುವಾಗಲೇ ಮೊಳೆಯಿಂದ ಚಿತ್ರ ಗೀರಿ. ನಂತರ ಅರ್ಧ ಸೆಂ.ಮೀ. ನುಣುಪು ಸುಣ್ಣವನ್ನು ಅಂಗೈ ಅಗಲ ಮಾತ್ರ ಬಳಿದು ಹರಳು ಒತ್ತುತ್ತಾ ಹೋಗಬೇಕು. ಹೆಚ್ಚು ಬಳಿದರೆ ಕೈ ಮುಟ್ಟುವ ಮೊದಲೇ ಚಕ್ಕೆಗಟ್ಟುತ್ತದೆ, ನೀರು ಹೆಚ್ಚಾದರೆ ಹರಳು ಮುಳುಗುತ್ತದೆ. ಮೊದಲು ನಾಯಿಯ ಅಂಚು; ಅದನ್ನು ಅಪ್ಪಿಕೊಂಡೇ ಎರಡು ಸಾಲು ಬಿಳಿ, ಆಮೇಲೆ ನೇರ ಸಾಲುಗಳು. ಆ ಎರಡು ಸಾಲು ಬಿಟ್ಟರೆ ಮೂತಿಯ ಗೆರೆ ಮೆಟ್ಟಿಲಾಗುತ್ತದೆ.

ಒದ್ದೆ ಗೋಣಿ ಹೊದಿಸಿ ನಾಲ್ಕು ವಾರ ಬಿಡಿ. ಬಿಸಿಲಲ್ಲಿ ಬೇಗ ಒಣಗಿದ ಸುಣ್ಣ ಗಟ್ಟಿಯಾಗದು, ಉಗುರಿಗೆ ಪುಡಿ ಬರುತ್ತದೆ. ಬೇಗ ಮುಗಿಸಲು ಸಿಮೆಂಟ್ ಬೆರೆಸುವ, ಕಾಂಕ್ರೀಟಿಗೆ ಅಂಟಿಸುವ ಆಸೆ ಬೇಡ: ಕಳೆದ ಶತಮಾನದಲ್ಲಿ ಎತ್ತಿ ಕಬ್ಬಿಣದ ಸರಳಿನ ಕಾಂಕ್ರೀಟಿಗೆ ಅಂಟಿಸಿದ ಎಷ್ಟೋ ರೋಮನ್ ನೆಲಗಳು ಸರಳು ತುಕ್ಕು ಹಿಡಿದು ಉಬ್ಬಿ ಬಿರುಕುಬಿಟ್ಟಿವೆ. ಕೊನೆಗೆ ನೀರು ಹಾಕುತ್ತಾ ಸಾಣೆಕಲ್ಲಿನಿಂದ ಉಜ್ಜಿ, ಅಮೃತಶಿಲೆಯ ಪುಡಿ ಉದುರಿಸಿ, ಸುಣ್ಣ-ಮರಳಿನ ತೆಳು ಲೇಪವನ್ನು ಸಂದಿಗೆ ಇಳಿಸಿ ಒರೆಸಿ.