ದಿನಕ್ಕೆ ಮೂರೇ ಫಾರಂ: ಪ್ರೂಫ್ ನೋಡುವ ನನ್ನ ಲೆಕ್ಕ

ಅಚ್ಚಿಗೆ ಹೋಗುವ ಪುಸ್ತಕದ ಪ್ರೂಫ್ ದಿನಕ್ಕೆ ಮೂರು ಫಾರಂ, ಅದಕ್ಕಿಂತ ಜಾಸ್ತಿ ಮುಟ್ಟುವುದಿಲ್ಲ. ಒಂದು ಫಾರಂ ಅಂದರೆ ಹದಿನಾರು ಪುಟ. ಈ ನಿಯಮ ಹಾಕಿಕೊಂಡಾಗ ಕರಡು ತಿದ್ದುವ ಗೆಳೆಯರೆಲ್ಲ ನಕ್ಕರು. ‘ಪುಟದ ಲೆಕ್ಕದಲ್ಲಿ ದುಡಿಯೋರು ನಾವು. 48 ಪುಟಕ್ಕೆ ನಿಲ್ಲಿಸಿದರೆ ಮನೆ ಬಾಡಿಗೆ ಯಾರು ಕಟ್ತಾರೆ’ ಅಂದರು. ಈಗ ಅವರಲ್ಲೇ ಇಬ್ಬರು ಫೋನ್ ಮಾಡಿ, ಹೇಗೆ ಮಾಡ್ತೀರಿ ಹೇಳಿ ಅನ್ನುತ್ತಿದ್ದಾರೆ.

ಮೊದಲು ದುಡ್ಡಿನ ಮಾತು. ಆಗ ಪುಟಕ್ಕೆ ಹತ್ತು ಹನ್ನೆರಡು ರೂಪಾಯಿ. ದಿನಕ್ಕೆ ಆರು ಫಾರಂ ಓಡಿಸುತ್ತಿದ್ದೆ. ಕಾಗದದ ಮೇಲೆ ಸಾವಿರ ದಾಟುತ್ತಿತ್ತು. ಆದರೆ ತಿದ್ದಿದ ಮೇಲೆ ಮತ್ತೆ ನೋಡಲು ಬರುವ ಎರಡನೇ ಪ್ರೂಫು, ಮೂರನೇ ಪ್ರೂಫು ಎಲ್ಲ ಪುಕ್ಕಟೆ. ತಿಂಗಳ ಕೊನೆಗೆ ಕೂಡಿಸಿ ನೋಡಿದರೆ ದಿನಕ್ಕೆ ಆರುನೂರು ಕೂಡ ಬೀಳುತ್ತಿರಲಿಲ್ಲ. ಈಗ ಪುಟಕ್ಕೆ 22ರಿಂದ 25 ತೆಗೆದುಕೊಳ್ಳುತ್ತೇನೆ, ಎರಡನೇ ಪ್ರೂಫೂ ಅದರಲ್ಲೇ. ಮೂರನೇ ಪ್ರೂಫ್ ಬರುವುದೇ ಅಪರೂಪ.

ಇದಕ್ಕೆ ಮುಂಚೆ ಏನೇನೋ ಮಾಡಿ ನೋಡಿದ್ದಾಯಿತು. 25 ನಿಮಿಷಕ್ಕೆ ಗಂಟೆ ಹೊಡೆಯುವ ಟೈಮರ್ ಇಟ್ಟೆ. ಪ್ಯಾರಾ ನಡುವೆ ಕೂಗಿಕೊಂಡು ಇದ್ದ ಗಮನವನ್ನೂ ಕೆಡಿಸಿತು. ರಾತ್ರಿ ಶಾಂತವಾಗಿರುತ್ತದೆ ಅಂತ ರಾತ್ರಿ ಕೂತರೆ, ಹನ್ನೊಂದರ ಮೇಲೆ ದ, ಧ ಎರಡೂ ಒಂದೇ ಥರ ಕಾಣುತ್ತವೆ. ಪಿಡಿಎಫ್‌ನಲ್ಲೇ ಗುರುತು ಹಾಕಿ ಕಳಿಸಿದೆ. ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಹುಡುಗ ಅರ್ಧ ಗುರುತು ತೆರೆದೇ ನೋಡಿರಲಿಲ್ಲ.

ಹಳೆಯ ಪ್ರೆಸ್‌ಗಳಲ್ಲಿ ಒಬ್ಬರು ಮೂಲಪ್ರತಿ ಓದುವುದು, ಇನ್ನೊಬ್ಬರು ಪ್ರೂಫ್ ನೋಡುವುದು ಇತ್ತಲ್ವಾ? ಅದನ್ನೂ ಮಾಡಿದೆ. ಕಾಲೇಜು ಹುಡುಗಿಯೊಬ್ಬಳಿಗೆ ದಿನಕ್ಕೆ ಇನ್ನೂರೈವತ್ತು ಕೊಟ್ಟು ಓದಿಸಿದೆ. ಇಸವಿ, ಅಂಕಿ, ಬಿಟ್ಟುಹೋದ ಸಾಲು ಚೆನ್ನಾಗಿ ಸಿಕ್ಕವು. ಅಲ್ಪಪ್ರಾಣ, ಮಹಾಪ್ರಾಣ ಮಾತ್ರ ಕಿವಿಗೆ ಬೀಳಲಿಲ್ಲ. ಆಮೇಲೆ ಮೊಬೈಲಿನಿಂದ ಓದಿಸಿದೆ. ಅದೂ ಅಷ್ಟೇ, ಆದರೆ ಪುಕ್ಕಟೆ. ಅಂಕಿಅಂಶ ಜಾಸ್ತಿ ಇರುವ ಪುಸ್ತಕಕ್ಕೆ ಈಗಲೂ ಬಳಸುತ್ತೇನೆ.

ಕೊನೆಗೆ ಕೈಹಿಡಿದದ್ದು ಒಂದು ಸಲಕ್ಕೆ ಒಂದೇ ಬಗೆಯ ತಪ್ಪು ಹುಡುಕುವುದು. ಮೊದಲ ಸುತ್ತಿನಲ್ಲಿ ಓದುವುದೇ ಇಲ್ಲ, ಕಂಪ್ಯೂಟರಿನಲ್ಲಿ ಬರೀ ಹುಡುಕಾಟ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಿಂದ ಯುನಿಕೋಡ್‌ಗೆ ತಿರುಗಿಸಿದ ಕಡತವಾದರೆ ಇದನ್ನು ಬಿಡಲೇಬಾರದು. ಸೊನ್ನೆ ಇರಬೇಕಾದಲ್ಲಿ ಅನುಸ್ವಾರ, ಅನುಸ್ವಾರದ ಜಾಗದಲ್ಲಿ ೦ ಕೂತಿರುತ್ತದೆ. ಕಣ್ಣಿಗೆ ಎರಡೂ ಒಂದೇ. ರ‍್ಯಾಂಕ್ ಹೋಗಿ ರ್ಯಾಂಕ್ ಆಗಿರುತ್ತದೆ. ಆಮೇಲೆ ಉಧ್ಘಾಟನೆ, ಜವಾಬ್ಧಾರಿ, ಶುಭಾಷಯ, ಅಭಿವೃದ್ದಿ, ಇವೆಲ್ಲ ನಿಮಗೆ ಗೊತ್ತಿರುವ ಗಿರಾಕಿಗಳೇ. ಒಂದೇ ಏಟಿಗೆ ಬದಲಿಸಲು ಮಾತ್ರ ಹೋಗಬೇಡಿ. ‘ಸಿದ್ದ’ವನ್ನೆಲ್ಲ ‘ಸಿದ್ಧ’ ಮಾಡಿ ಅಂದರೆ ‘ಕಳಿಸಿದ್ದ’ ಹೋಗಿ ‘ಕಳಿಸಿದ್ಧ’ ಆಗುತ್ತದೆ. ನನ್ನ ಪಟ್ಟಿಯಲ್ಲಿ ಈಗ ನೂರೈವತ್ತರ ಹತ್ತಿರ ಪದಗಳಿವೆ. ಯಾವುದನ್ನು ಮೊದಲು ಹುಡುಕಬೇಕು ಅನ್ನುವುದರಲ್ಲೇ ಅರ್ಧ ಜಾಣತನ ಇದೆ. ಆ ಪಟ್ಟಿ ಮಾತ್ರ ಕೇಳಬೇಡಿ, ಅದು ನನ್ನ ಬಂಡವಾಳ.

ಎರಡನೇ ಸುತ್ತು ಪ್ರಿಂಟಿನ ಮೇಲೆ. ಅಧ್ಯಾಯದ ಹೆಸರು, ಪರಿವಿಡಿ, ಪುಟಸಂಖ್ಯೆ, ಫೋಟೋ ಕೆಳಗಿನ ಸಾಲು, ಬೆನ್ನುಡಿ. ದೊಡ್ಡ ಅಕ್ಷರದಲ್ಲಿರುವ ತಪ್ಪು ಯಾರಿಗೂ ಕಾಣುವುದಿಲ್ಲ, ಪುಸ್ತಕ ಬಿಡುಗಡೆಯ ದಿನ ಎಲ್ಲರಿಗೂ ಕಾಣುತ್ತದೆ.

ಮೂರನೆಯದು ಓದು. ಬೆಳಗ್ಗೆ ಆರರಿಂದ ಹತ್ತು, ಹತ್ತೂವರೆವರೆಗೆ, ಫೋನ್ ಇನ್ನೊಂದು ಕೋಣೆಯಲ್ಲಿ. ಕೊನೆಯ ಫಾರಂನಿಂದ ಶುರು ಮಾಡಿ ಹಿಂದಕ್ಕೆ ಬರುತ್ತೇನೆ. ‘ಕಾದಂಬರಿನ ಹೀಗೆ ಹಿಂದಿನಿಂದ ಓದಿದರೆ ಕತೆ ಹೇಗ್ರೀ ಹಿಡಿಯುತ್ತೆ’ ಅಂತ ಒಬ್ಬ ಲೇಖಕರು ಸಿಟ್ಟಾದರು. ಕತೆ ಹಿಡಿಯಬಾರದು ಅಂತಲೇ ಸಾರ್ ಹಾಗೆ ಓದೋದು ಅಂದೆ. ಕತೆ ಹಿಡಿದರೆ ಕಣ್ಣು ಅಕ್ಷರ ಬಿಟ್ಟು ಓಡುತ್ತದೆ. ಅವರ ಪುಸ್ತಕದಲ್ಲಿ ಲಕ್ಷ್ಮಿ, ಲಕ್ಷ್ಮೀ ಆಗಿ ಮತ್ತೆ ಲಕ್ಷ್ಮಿ ಆಗಿದ್ದು ಸಿಕ್ಕಿದ್ದು ಹೀಗೆಯೇ. ಹೆಸರುಗಳಿಗೆ ಪುಸ್ತಕಕ್ಕೊಂದು ಬೇರೆ ಹಾಳೆ ಇಟ್ಟಿದ್ದೇನೆ. ಕವಿತೆಗೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಲಯವೇ ತಪ್ಪು ತೋರಿಸುತ್ತದೆ. ಓದುವ ಪ್ರಿಂಟಿನ ಫಾಂಟ್ ಬದಲಿಸಿಯೂ ನೋಡಿದೆ. ತಪ್ಪು ಜಾಸ್ತಿ ಸಿಕ್ಕವು, ಆದರೆ ಸಾಲುಗಳು ಜರುಗಿ ಪುಟದ ಲೆಕ್ಕವೆಲ್ಲ ಏರುಪೇರು. ಅದನ್ನು ಸರಿಮಾಡಲು ಒಂದು ದಾರಿ ಇದೆ, ಇನ್ನೊಂದು ಪುಸ್ತಕಕ್ಕೆ ಪಳಗಿಸಿದ ಮೇಲೆ ಹೇಳುತ್ತೇನೆ.

ನವೆಂಬರ್, ಡಿಸೆಂಬರ್ ಬಂದರೆ ಎಲ್ಲರಿಗೂ ಅರ್ಜೆಂಟು. ಆಗಲೂ ಮೂರೇ ಫಾರಂ. ಹೋದ ವರ್ಷ ಎರಡು ಕೆಲಸ ಹೀಗೆ ಕೈತಪ್ಪಿ ಹೋದವು, ಹತ್ತಿರಹತ್ತಿರ ಒಂಬತ್ತು ಸಾವಿರ. ಒಂದು ಜನವರಿಯಲ್ಲಿ ಎರಡನೇ ಮುದ್ರಣ ಅಂತ ನನ್ನ ಹತ್ತಿರವೇ ಬಂತು. ಅರ್ಧ ದುಡ್ಡು ಮೊದಲೇ ತೆಗೆದುಕೊಂಡೆ. ಉಳಿದರ್ಧ ಎರಡನೇ ಪ್ರೂಫ್ ಕೈಗೆ ಕೊಡುವಾಗ. ‘ಬಿಡುಗಡೆ ಆಗಲಿ, ಕೊಡೋಣ’ ಅನ್ನುವವರಿಗೆ ನಾನೀಗ ಪ್ರೂಫ್ ನೋಡುವುದಿಲ್ಲ.